ಹಿಮ ನೋಡಲು ಎರಡು ಟಿಕೆಟ್

ನವೆಂಬರ್ ೩

ಗಡಿಬಿಡಿ,

ಅಡ್ಡಹೆಸರಿನಿಂದಲೇ ಶುರು ಮಾಡಿದಳು ಅಂತ ಮುನಿಸಿಕೊಳ್ಳಬೇಡ. ಐವತ್ತು ದಾಟಿದರೂ ನೀನು ನನಗೆ ಅದೇ ತಮ್ಮ, ಒಂದೇ ಕಾಲಿಗೆ ಬೂಟು ಹಾಕಿಕೊಂಡು ಶಾಲೆಗೆ ಓಡಿದವನು.

ಒಂದು ಕೆಲಸ ಆಗಬೇಕು. ಈ ಚಳಿಗಾಲದಲ್ಲಿ ನಾನೂ ನಿನ್ನ ಭಾವನೂ ನಿನ್ನ ಊರಿಗೆ ಬಂದು ಹಿಮ ನೋಡಬೇಕು. ನೀನು ಅಲ್ಲಿಗೆ ಹೋದಾಗಿನಿಂದ ಕರೆಯುತ್ತಲೇ ಇದ್ದೀಯ, ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡವಳು ನಾನೇ. ಒಂದು ಸಲ ಪರದೆ ಹೊಲಿಯುವ ಆರ್ಡರು, ಇನ್ನೊಂದು ಸಲ ಅವರ ಡ್ರೈವಿಂಗ್ ಶಾಲೆ. ಈಗ ಅವರು ಶಾಲೆ ಮುಚ್ಚಿ ಮನೆಯಲ್ಲಿದ್ದಾರೆ. ನನ್ನ ಹೊಲಿಗೆ ಮೆಷಿನ್ನು ಒಂದು ವಾರ ಸುಮ್ಮನಿದ್ದರೆ ಯಾರ ಕಿಟಕಿಯೂ ಬೆತ್ತಲೆಯಾಗುವುದಿಲ್ಲ.

ರೈಲಿನಲ್ಲಿ ಬಂದು, ಅಲ್ಲಿಂದ ನಿನ್ನ ಬಾಡಿಗೆ ಕಾರಿನ ಅಂಗಳದ್ದೇ ಒಂದು ಕಾರು ತೆಗೆದುಕೊಂಡರಾಯಿತು. ಯೋಜನೆ ನೀನೇ ಹಾಕು. ಆದರೆ ನಿಜವಾಗಿ ಆಗುವಂಥದ್ದನ್ನು ಹಾಕು ಮಹಾರಾಯ. ನಿನ್ನ ಯೋಜನೆಗಳು ನನಗೆ ಗೊತ್ತಿಲ್ಲವೇ. ಒಂದೇ ದಿನದಲ್ಲಿ ಲೋಕವನ್ನೆಲ್ಲ ಸುತ್ತಿಸಿ, ಕೊನೆಗೆ ಎಲ್ಲರನ್ನೂ ಯಾವುದೋ ನಿಲ್ದಾಣದ ಬೆಂಚಿನ ಮೇಲೆ ಹಸಿದು ಕೂರಿಸುವವನು.

ಫೋನ್ ಮಾಡಬೇಡ. ಫೋನು ನಡುಮನೆಯಲ್ಲಿದೆ, ಅವರು ಅದರ ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ. ಇದು ಅವರಿಗೆ ಮೊದಲೇ ತಿಳಿಯಬಾರದು, ಬಂದು ನೋಡಿ ಬೆರಗಾಗಲಿ. ಬರೆದು ಕಳಿಸು.

ಬರುವ ವರ್ಷ ನೋಡೋಣ ಅಂತ ಮಾತ್ರ ಅನ್ನಬೇಡ. ಈ ಚಳಿಗಾಲದಲ್ಲೇ ಆಗಬೇಕು.

ಅಕ್ಕ


ನವೆಂಬರ್ ೧೨

ಅಕ್ಕಾ,

ನಿನ್ನ ಪತ್ರ ಓದಿ ಅಂಗಳದ ಹುಡುಗರಿಗೆಲ್ಲ ಚಹಾ ಕೊಡಿಸಿದೆ. ಕೊನೆಗೂ ಮನಸ್ಸು ಮಾಡಿದೆಯಲ್ಲ. ಈ ಊರಿಗೆ ಬಂದು ಇಷ್ಟು ವರ್ಷ ಊರಿನವರ ನೆಂಟರನ್ನೆಲ್ಲ ಸ್ಟೇಷನ್ನಿನಿಂದ ಕರೆತಂದಿದ್ದೇನೆ, ನನ್ನ ನೆಂಟರು ಅಂತ ಒಬ್ಬರೂ ಆ ರೈಲಿನಿಂದ ಇಳಿದಿಲ್ಲ.

ಯೋಜನೆ ಕೇಳು. ಐದು ದಿನ. ಮೊದಲ ದಿನ ರೈಲು, ನಡುವೆ ಒಂದು ಕಡೆ ಬದಲಾವಣೆ. ಎರಡನೆಯ ದಿನ ಬೆಳಿಗ್ಗೆ ಕಾರು ಹತ್ತಿ ಕಣಿವೆಯ ರಸ್ತೆ, ಮಧ್ಯಾಹ್ನ ಹೆಪ್ಪುಗಟ್ಟಿದ ಕೆರೆ, ಸಂಜೆ ಗುಡ್ಡದ ಮೇಲಿನ ಹಳೆ ಕೋಟೆ. ಮೂರನೆಯ ದಿನ ಘಾಟಿ ದಾಟಿ ಆಚೆ ಕಡೆಯ ಪಟ್ಟಣ, ಅಲ್ಲೇ ವಸತಿ. ನಾಲ್ಕನೆಯ ದಿನ ಪೈನ್ ಕಾಡು, ಜಲಪಾತ. ಐದನೆಯ ದಿನ ವಾಪಸ್. ದಿನಕ್ಕೊಂದು ಹೊಸ ಹೋಟೆಲು. ಕಾರು ಓಡಿಸುವವರು ಭಾವ.

ಅದು ಮಾತ್ರ ನನ್ನ ಹಟ. ನನಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವರು ಅವರು. ತಪ್ಪು ಮಾಡಿದಾಗಲೆಲ್ಲ ಸ್ಕೇಲಿನಲ್ಲಿ ಮೊಣಕಾಲಿಗೆ ಒಂದು ಕೊಡುತ್ತಿದ್ದರು. ಊರೆಲ್ಲ ಅವರನ್ನು 'ಬ್ರೇಕ್ ಮೇಷ್ಟ್ರು' ಅನ್ನುತ್ತಿದ್ದದ್ದು ಸುಮ್ಮನೆಯೇ? ಹಿಮದ ರಸ್ತೆಯಲ್ಲಿ ಅವರು ಕಾರು ಓಡಿಸುವುದನ್ನು ಪಕ್ಕದಲ್ಲಿ ಕೂತು ನೋಡಬೇಕು ನಾನು. ಅವರು ಬ್ರೇಕು ತಡವಾಗಿ ಒತ್ತಿದರೆ ನಾನೂ ಒಂದು ಕೊಡುತ್ತೇನೆ.

ಗಡಿಬಿಡಿ


ನವೆಂಬರ್ ೨೦

ಗಡಿಬಿಡಿ,

ಇದು ಪ್ರವಾಸವೋ ಓಟದ ಪಂದ್ಯವೋ. ಓದುವಷ್ಟರಲ್ಲೇ ನನಗೆ ಏದುಸಿರು ಬಂತು.

ನನಗೆ ಬೇಕಾದದ್ದು ಇಷ್ಟು. ಒಂದೇ ರೈಲು, ನಡುವೆ ಇಳಿದು ಹತ್ತುವುದು ಬೇಡ. ಒಂದೇ ಕೋಣೆ, ದಿನಕ್ಕೊಂದು ಹೋಟೆಲು ಬೇಡ. ಕೋಣೆಯಿಂದ ಬಚ್ಚಲಿಗೆ ಹೋಗಲು ಹೊರಗೆ ಬರುವಂತಿರಬಾರದು. ಬಾಗಿಲಿಗೆ ಒಳಗಿನಿಂದ ಹಾಕುವ ಬೀಗ ಇರಬೇಕು, ಕೀ ನನ್ನ ಹತ್ತಿರ ಇರುವಂಥದ್ದು. ಕೋಟೆ, ಜಲಪಾತ ಯಾವುದೂ ಬೇಡ. ಒಂದು ಕಡೆ ಹಿಮ ಇದ್ದರೆ ಸಾಕು. ಅದರ ಮುಂದೆ ಒಂದು ಬೆಂಚು ಇದ್ದರೆ ಇನ್ನೂ ಒಳ್ಳೆಯದು.

ಕಾರು ನೀನೇ ಓಡಿಸು. ಅವರಿಗೆ ಮೊಣಕಾಲು ನೋವು.

ಅಕ್ಕ


ನವೆಂಬರ್ ೨೮

ಅಕ್ಕಾ,

ನಾಲ್ಕು ದಿನ ನಿನ್ನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಬೇಜಾರಾಯಿತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಊರಿನಲ್ಲಿ ಒಂದು ಬೆಂಚು ಬಿಟ್ಟರೆ ನೋಡುವಂಥದ್ದು ಏನೂ ಇಲ್ಲವೇ? ಬೀಗ ಬೇಕಂತೆ. ಇಲ್ಲಿ ಕಳ್ಳರಿದ್ದಾರೆ ಅಂದುಕೊಂಡೆಯಾ? ಭಾವನಿಗೆ ನನ್ನ ಮೇಲೆ ಏನಾದರೂ ಕೋಪವಿದ್ದರೆ ನೇರವಾಗಿ ಹೇಳು. ಅವರ ಶಾಲೆ ಮುಂದುವರಿಸಿಕೊಂಡು ಹೋಗು ಅಂದಾಗ ನಾನು ಒಲ್ಲೆ ಅಂದು ಇಲ್ಲಿಗೆ ಬಂದೆ. ಅದು ಇನ್ನೂ ಮನಸ್ಸಿನಲ್ಲಿದೆಯಾ?

ಇರಲಿ. ನೀನು ಹೇಳಿದ ಹಾಗೆ ಕತ್ತರಿ ಹಾಕಿದ್ದೇನೆ. ಘಾಟಿ ಹೇಗೂ ಆಗುವುದಿಲ್ಲ, ಹಿಮ ಬಿದ್ದ ಕೂಡಲೇ ಮುಚ್ಚುತ್ತಾರೆ. ಇಲ್ಲಿ ಈಗ ನಾಲ್ಕೂವರೆಗೆಲ್ಲ ಕತ್ತಲು. ಟಯರಿಗೆ ಸರಪಳಿ ಸುತ್ತಿ ನಿಧಾನಕ್ಕೆ ಹೋಗಬೇಕು, ಹಾಗಾಗಿ ದಿನಕ್ಕೆ ಒಂದೇ ಜಾಗ. ಮೂರು ದಿನ, ಒಂದೇ ವಸತಿ. ಸೇತುವೆಯ ಆಚೆ ನನ್ನ ಗೆಳತಿಯ ಅತಿಥಿಗೃಹವಿದೆ, ಕಿಟಕಿ ತೆಗೆದರೆ ಕಣಿವೆ. ಬೀಗವೂ ಇದೆ, ಬೆಂಚೂ ಇದೆ, ಸಮಾಧಾನವಾಯಿತಾ.

ಆದರೆ ಒಂದೇ ರೈಲು ಅನ್ನುವುದು ಆಗದ ಮಾತು. ಜಂಕ್ಷನ್ನಿನಲ್ಲಿ ಇಳಿದು ಬೆಟ್ಟದ ರೈಲು ಹತ್ತಲೇಬೇಕು. ಹಳಿಯೇ ಹಾಗಿದೆ, ನಾನೇನು ಮಾಡಲಿ.

ಕಾರಿನ ಕಾಗದಕ್ಕೆ ಭಾವನ ಲೈಸೆನ್ಸ್ ನಂಬರು ಬೇಕು. ಮೊಣಕಾಲು ನೋವಿನ ಕಥೆ ಬಿಡು. ಆ ಮನುಷ್ಯ ಕಾಲು ಮುರಿದಾಗಲೂ ಪಕ್ಕದ ಸೀಟಿನಲ್ಲಿ ಕೂತು ಪಾಠ ಮಾಡಿದವರು.

ತಮ್ಮ


ಡಿಸೆಂಬರ್ ೪

ತಮ್ಮಾ,

ಲೈಸೆನ್ಸ್ ಎಲ್ಲೋ ಕಳೆದುಹೋಗಿದೆ. ಈ ವರ್ಷ ಬೇಡ ಅನಿಸುತ್ತಿದೆ. ಕೆಲಸವೂ ಜಾಸ್ತಿ ಬಂದಿದೆ, ಒಂದು ಶಾಲೆಯವರು ಎಲ್ಲ ತರಗತಿಗಳಿಗೂ ಪರದೆ ಕೇಳಿದ್ದಾರೆ. ನೀನು ಪಟ್ಟ ಕಷ್ಟ ದಂಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಅಕ್ಕ


ಡಿಸೆಂಬರ್ ೫

ತಮ್ಮಾ,

ಇದನ್ನು ಅಂಚೆಗೆ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ. ನಿನ್ನೆಯ ಪತ್ರದಲ್ಲಿ ಬರೆದದ್ದೆಲ್ಲ ಸುಳ್ಳು. ಲೈಸೆನ್ಸ್ ಕಳೆದಿಲ್ಲ, ಅವರ ಅಂಗಿಯ ಜೇಬಿನಲ್ಲೇ ಇದೆ. ದಿನಾ ತೆಗೆದು ಒರೆಸಿ ಇಟ್ಟುಕೊಳ್ಳುತ್ತಾರೆ.

ನಿನ್ನ ಭಾವನಿಗೆ ಮರೆವು ಕಣೋ. ಕನ್ನಡಕ ಎಲ್ಲಿಟ್ಟೆ ಅನ್ನುವ ಮರೆವಲ್ಲ. ಎರಡು ವರ್ಷದಿಂದ ಸ್ವಲ್ಪ ಸ್ವಲ್ಪವೇ ಒಳಗಿನಿಂದ ಖಾಲಿಯಾಗುತ್ತಿದ್ದಾರೆ. ಡಾಕ್ಟರು ಕೈಚೆಲ್ಲಿ ಕೂತಿದ್ದಾರೆ. "ಇರೋದನ್ನ ಜೋಪಾನ ಮಾಡ್ಕೊಳ್ಳಿ ಅಮ್ಮಾ" ಅಂದರು, ಅಷ್ಟೇ. ನಾನು ಯಾರಿಗೂ ಹೇಳಿಲ್ಲ. ಬ್ರೇಕ್ ಮೇಷ್ಟ್ರಿಗೆ ಹೀಗಾಯಿತಂತೆ ಅಂತ ಊರವರು ಬಾಗಿಲಲ್ಲಿ ನಿಂತು ಮರುಗುವುದನ್ನು ನನ್ನ ಕೈಲಿ ನೋಡಲಾಗುವುದಿಲ್ಲ. ನಿನಗೆ ಹೇಳದಿದ್ದದ್ದಕ್ಕೆ ಬೇರೆ ಕಾರಣ. ನೀನೊಬ್ಬ ಅವರನ್ನು ಇನ್ನೂ ಮೊದಲಿನ ಹಾಗೇ ಇಟ್ಟುಕೊಂಡಿದ್ದೆ. ನಿನ್ನ ಪತ್ರ ಓದುವಾಗ ನನಗೂ ಅವರು ಹಾಗೇ ಇದ್ದಾರೆ ಅನಿಸುತ್ತಿತ್ತು.

ಬರೆದುಕೊಟ್ಟರೆ ಎಲ್ಲ ಸರಿಯಾಗಿ ಮಾಡುತ್ತಾರೆ, ಅದೊಂದು ಉಳಿದಿದೆ. ಜೀವಮಾನವಿಡೀ ನಿಯಮದ ಪುಸ್ತಕ ಹಿಡಿದು ಪಾಠ ಮಾಡಿದವರು ತಾನೇ. ಅದಕ್ಕೆ ಮನೆ ತುಂಬ ಚೀಟಿ ಅಂಟಿಸಿದ್ದೇನೆ. 'ಹಲ್ಲುಜ್ಜಿ.' 'ಒಲೆ ಮುಟ್ಟಬೇಡಿ.' 'ನಾನು ಅಂಗಡಿಗೆ ಹೋಗಿದ್ದೇನೆ, ಇಲ್ಲೇ ಕೂತಿರಿ.' ಚೀಟಿ ಹೇಳಿದ್ದು ವೇದವಾಕ್ಯ. ಒಂದು ದಿನ ಕೂತಿರಿ ಅನ್ನುವ ಚೀಟಿ ತೆಗೆಯುವುದು ಮರೆತೆ, ಸಂಜೆಯವರೆಗೂ ಎದ್ದಿರಲಿಲ್ಲ.

ಹಿಮದ ಆಸೆ ಯಾಕೆ ಅಂದರೆ, ನಾನು ಯಾರು ಅಂತ ಅವರಿಗೆ ಗೊತ್ತಿರುವಾಗಲೇ ಒಂದು ಸಲ ಇಬ್ಬರೂ ಎಲ್ಲಾದರೂ ಹೋಗಿ ಬರಬೇಕು ಅಂತ. ಮದುವೆಯಾದಾಗಿನಿಂದ ನಾವು ಒಟ್ಟಿಗೆ ಹೋದದ್ದೆಲ್ಲ ಯಾರದೋ ಮದುವೆಗೆ, ಯಾರದೋ ಸಾವಿಗೆ. ಮೊನ್ನೆ ಊಟ ಬಡಿಸುವಾಗ ನನ್ನನ್ನೇ ನೋಡುತ್ತಾ, "ನೀವು ಈ ಮನೇಲಿ ಎಷ್ಟು ದಿನದಿಂದ ಕೆಲಸಕ್ಕಿದ್ದೀರಿ?" ಅಂತ ಕೇಳಿದರು. ಬೆಳಿಗ್ಗೆ ಮತ್ತೆ ಗುರುತು ಹಿಡಿದರು. ಆದರೆ ನನ್ನ ಧೈರ್ಯ ಉಡುಗಿಹೋಯಿತು. ಜಂಕ್ಷನ್ನಿನಲ್ಲಿ ಅಷ್ಟು ಜನರ ನಡುವೆ ಅವರು ಹಾಗೆ ಕೇಳಿದರೆ ನಾನು ಏನು ಮಾಡಲಿ?

ಅಕ್ಕ


ಡಿಸೆಂಬರ್ ೧೧

ಪೂಜ್ಯ ಭಾವನವರಿಗೆ,

ಅಕ್ಕನನ್ನು ನಂಬಿಕೊಂಡರೆ ಕೆಲಸ ಕೆಡುತ್ತದೆ ಅಂತ ಸೀದಾ ನಿಮಗೇ ಬರೆಯುತ್ತಿದ್ದೇನೆ. ಒಂದು ತಿಂಗಳಿನಿಂದ ನಿಮ್ಮನ್ನು ಹಿಮ ನೋಡಲು ಕರೆತರುತ್ತೇನೆ ಅಂತ ನನ್ನ ತಲೆ ತಿಂದು, ಈಗ ಬೇಡ ಅನ್ನುತ್ತಿದ್ದಾಳೆ. ಪರದೆ ಹೊಲಿಯಬೇಕಂತೆ. ನಾನು ಕೇಳುವವನಲ್ಲ. ಟಿಕೆಟ್ ತೆಗೆಸಿಬಿಟ್ಟಿದ್ದೇನೆ, ಇಬ್ಬರದೂ ಇದರ ಜೊತೆಗಿದೆ. ನೀವು ನಮಗೆ ರಸ್ತೆ ಕಲಿಸುತ್ತಿದ್ದ ಹಾಗೇ ಒಂದೊಂದಾಗಿ ಬರೆಯುತ್ತೇನೆ.

ಹದಿನಾರನೇ ತಾರೀಖು ಬೆಳಿಗ್ಗೆ ಏಳು ಗಂಟೆಯ ರೈಲು ಹತ್ತುವುದು. ದಪ್ಪ ಕೋಟು ಹಾಕಿಕೊಳ್ಳುವುದು, ಲೈಸೆನ್ಸ್ ಜೇಬಿನಲ್ಲಿಟ್ಟುಕೊಳ್ಳುವುದು (ಅಕ್ಕ ಅದು ಕಳೆದಿದೆ ಅನ್ನುತ್ತಾಳೆ, ನಾನು ನಂಬುವುದಿಲ್ಲ). ರೈಲಿನ ಕೊನೆಯ ನಿಲ್ದಾಣವೇ ಜಂಕ್ಷನ್. ಅಲ್ಲಿ ಇಳಿದು, ಮೇಲುಸೇತುವೆ ಹತ್ತದೆ, ಅದೇ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದರೆ ನೀಲಿ ಬಣ್ಣದ ಬೆಟ್ಟದ ರೈಲು ನಿಂತಿರುತ್ತದೆ. ಎಡಗಡೆ ಕೂರುವುದು, ಕಣಿವೆ ಕಾಣುವುದು ಆ ಕಡೆಗೆ. ಅದೂ ಕೊನೆಯ ನಿಲ್ದಾಣದವರೆಗೆ. ಮೂರು ಗಂಟೆಗೆ ಇಳಿದರೆ ಬಾಗಿಲಲ್ಲೇ ನಾನಿರುತ್ತೇನೆ, ಕಾರಿನ ಕೀ ನಿಮ್ಮ ಕೈಗೆ ಕೊಡುತ್ತೇನೆ. ಊರಿನಿಂದ ಹೊರಟು ಸೇತುವೆಯ ಹತ್ತಿರ ಎಡಕ್ಕೆ ತಿರುಗಿದರೆ ಅತಿಥಿಗೃಹ. ಕತ್ತಲಾಗುವುದರೊಳಗೆ ಮುಟ್ಟುತ್ತೇವೆ.

ಅಕ್ಕ ಸತಾಯಿಸಿದರೆ ಅವಳನ್ನು ಮನೆಯಲ್ಲೇ ಬಿಟ್ಟು ನೀವೊಬ್ಬರೇ ಬಂದುಬಿಡಿ. ಹೇಳಲೂ ಹೋಗಬೇಡಿ, ಹೇಳಿದರೆ ಬಿಡುವವಳಲ್ಲ.

ನಿಮ್ಮ ಶಿಷ್ಯ


ಡಿಸೆಂಬರ್ ೧೮

ಅಕ್ಕಾ,

ಮೊದಲು ಇದನ್ನು ಓದು. ಭಾವ ನನ್ನ ಕೋಣೆಯಲ್ಲಿದ್ದಾರೆ, ಚೆನ್ನಾಗಿದ್ದಾರೆ, ಈಗ ಮಲಗಿದ್ದಾರೆ. ಫೋನಿನಲ್ಲಿ ನೀನು ಅಳುತ್ತಾ "ಅವ್ರು ಅಲ್ಲಿದ್ದಾರೇನೋ" ಅಂದೆ. ಇದ್ದಾರೆ ಅಂದೆ ನಾನು. "ಅವ್ರಿಗೆ ಏನೂ ನೆನಪಿರಲ್ಲ ಕಣೋ, ಕೀ ಕೊಡ್ಬೇಡ" ಅಂದೆ ನೀನು, ಅಷ್ಟರಲ್ಲಿ ತಂತಿ ಕಡಿದುಬಿತ್ತು. ಅಂದಿನಿಂದ ಹಿಮ ಬೀಳುತ್ತಲೇ ಇದೆ. ಹಳಿ ಮುಚ್ಚಿದೆ, ರಸ್ತೆ ಮುಚ್ಚಿದೆ, ಫೋನಿಲ್ಲ. ಹಿಮ ತೆಗೆಯುವ ಇಂಜಿನ್ನಿನವರು ಅಂಚೆಚೀಲ ಮಾತ್ರ ಒಯ್ಯುತ್ತಾರಂತೆ. ಮನುಷ್ಯರನ್ನು ಹತ್ತಿಸಿಕೊಳ್ಳುವುದಿಲ್ಲ, ಕಾಲು ಹಿಡಿದು ಕೇಳಿದೆ.

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ಬೈಯುವುದಾದರೆ ಕೊನೆಗೆ ಬೈ. ಮೂರು ಗಂಟೆಯ ರೈಲಿನಿಂದ ಅವರೊಬ್ಬರೇ ಇಳಿದರು. ಕೋಟಿನ ಗುಂಡಿಯೆಲ್ಲ ಹಾಕಿತ್ತು, ಕೈಯಲ್ಲಿ ನನ್ನ ಪತ್ರ. ಒಂದೊಂದು ಸಾಲು ಮುಗಿದ ಹಾಗೆ ಪೆನ್ಸಿಲಿನಲ್ಲಿ ಗೀಟು ಹಾಕಿದ್ದರು. ಅಕ್ಕ ಎಲ್ಲಿ ಅಂದರೆ, "ಹೇಳಬೇಡಿ ಅಂತ ಬರೆದಿತ್ತು, ಹೇಳಲಿಲ್ಲ" ಅಂದರು. ನಾನು ಮೂರ್ಖ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಭಾವ ನಿನಗೆ ಚೆನ್ನಾಗಿ ಟೋಪಿ ಹಾಕಿದರು ಅಂದುಕೊಂಡೆ. ನನ್ನನ್ನು 'ನೀವು' ಅಂದದ್ದನ್ನೂ ತಮಾಷೆ ಅಂದುಕೊಂಡೆ. ಕೀ ಕೊಟ್ಟೆ.

ಅಕ್ಕಾ, ಎಷ್ಟು ಚೆನ್ನಾಗಿ ಓಡಿಸಿದರು ಗೊತ್ತಾ. ಕನ್ನಡಿ ಸರಿ ಮಾಡಿಕೊಂಡರು, ಬೆಲ್ಟು ಎಳೆದು ನೋಡಿದರು, ಸರಪಳಿ ಸುತ್ತಿದ ಟಯರು ಜಾರುವುದನ್ನು ಸ್ಟೀರಿಂಗಿನಲ್ಲೇ ತಿಳಿದುಕೊಂಡು ಗೇರು ಇಳಿಸಿದರು. ನನ್ನ ಅಂಗಳದ ಹುಡುಗರಿಗೆ ಎರಡು ಚಳಿಗಾಲ ಹೇಳಿಕೊಟ್ಟರೂ ಬರುವುದಿಲ್ಲ ಅದು. ನಾನು ಪಕ್ಕದಲ್ಲಿ ಕೂತು ಹೆಮ್ಮೆಯಿಂದ ಬಾಯಿಗೆ ಬಂದದ್ದೆಲ್ಲ ಹರಟುತ್ತಿದ್ದೆ.

ಸೇತುವೆಯ ಹತ್ತಿರ ಎಡಗಡೆ ರಸ್ತೆಗೆ ಅಡ್ಡಗಂಬ ಹಾಕಿದ್ದರು. ಮೇಲೆ ಹಿಮ ಕುಸಿದಿದೆ, ದಾರಿ ಬಂದ್ ಅಂತ ಬೋರ್ಡು. ಭಾವ ಕಾರು ನಿಲ್ಲಿಸಿದರು. ಪತ್ರ ತೆಗೆದು ಓದಿದರು. ಅಡ್ಡಗಂಬ ನೋಡಿದರು. ಮತ್ತೆ ಓದಿದರು. "ಕಾರು ತಿರುಗಿಸಿ ಭಾವ, ವಾಪಸ್ ಹೋಗೋಣ" ಅಂದೆ. "ಇದರಲ್ಲಿ ಬರೆದಿಲ್ಲ" ಅಂದರು. ಪರವಾಗಿಲ್ಲ ತಿರುಗಿಸಿ ಅಂದೆ. "ಇದರಲ್ಲಿ ಬರೆದಿಲ್ವಲ್ಲ, ನಾನೇನು ಮಾಡ್ಲಿ" ಅಂತ ನನ್ನ ಕಡೆ ತಿರುಗಿದರು. ಆ ಕಣ್ಣು ನೋಡಿದಾಗಲೇ ಇದು ತಮಾಷೆಯಲ್ಲ ಅಂತ ತಿಳಿದದ್ದು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಣ್ಣ ಮಗುವಿನ ಹಾಗೆ ಅತ್ತರು. ಕತ್ತಲಾಗುತ್ತಿತ್ತು. ಅವರ ಬೆನ್ನು ಸವರುತ್ತಾ ಕೂತೆ. ಕೊನೆಗೆ ಅವರ ಪೆನ್ಸಿಲನ್ನೇ ಇಸಿದುಕೊಂಡು ಪತ್ರದ ಕೆಳಗೆ ಬರೆದೆ: 'ಪಕ್ಕದವರಿಗೆ ಸೀಟು ಬಿಟ್ಟುಕೊಡುವುದು.' ಓದಿದರು. ಇಳಿದು, ಸುತ್ತಿ ಬಂದು, ನನ್ನ ಜಾಗದಲ್ಲಿ ಕೂತರು.

ಅಂಗಳಕ್ಕೆ ಬಂದಾಗ ನಿನ್ನ ಫೋನು ಹೊಡೆದುಕೊಳ್ಳುತ್ತಿತ್ತು.

ಅಕ್ಕಾ, ಒಂದು ಮಾತು ಹೇಳಬಾರದಿತ್ತಾ?

ತಮ್ಮ


ಡಿಸೆಂಬರ್ ೨೨

ತಮ್ಮಾ,

ಹೇಳಿದ್ದೆ. ಇದರ ಜೊತೆಗಿರುವ ಪತ್ರದ ತಾರೀಖು ನೋಡು. ಬರೆದು, ಮಡಿಸಿ, ಮೆಷಿನ್ನಿನ ಡ್ರಾಯರಿನಲ್ಲಿ ಹಾಕಿದೆ. ಅಂದೇ ಅಂಚೆಗೆ ಹಾಕಿದ್ದರೆ ನೀನು ಅವರಿಗೆ ಬರೆಯುತ್ತಿರಲಿಲ್ಲ. ನಿನ್ನ ತಪ್ಪು ಅನ್ನಲು ಬಾಯಿ ಬರುತ್ತಿಲ್ಲ, ನನ್ನ ತಪ್ಪು ಅಂದುಕೊಂಡು ಬದುಕಲೂ ಆಗುತ್ತಿಲ್ಲ.

ಅವತ್ತು ಬೆಳಗಾಗುವ ಮೊದಲೇ ಆ ಶಾಲೆಗೆ ಪರದೆ ನೇತುಹಾಕಲು ಹೋಗಿದ್ದೆ. ಕೂತಿರಿ ಅನ್ನುವ ಚೀಟಿ ಇಟ್ಟೇ ಹೋಗಿದ್ದೆ. ನನ್ನ ಚೀಟಿಗಿಂತ ನಿನ್ನ ಪತ್ರ ಉದ್ದವಿತ್ತು, ಅದನ್ನೇ ನಂಬಿದರು. ಬಂದು ನೋಡಿದರೆ ಬಾಗಿಲು ತೆರೆದೇ ಇತ್ತು. ಊರಿನ ಕೆರೆಬಾವಿಗಳನ್ನೆಲ್ಲ ಇಣುಕಿ ನೋಡಿ ಬಂದ ಮೇಲೆ ಅವರ ಕುರ್ಚಿಯ ಕೆಳಗೆ ನಿನ್ನ ಕೈಬರಹದ ಲಕೋಟೆ ಸಿಕ್ಕಿತು. ಅದರಲ್ಲಿ ನನ್ನ ಟಿಕೆಟ್ ಮಾತ್ರ ಉಳಿದಿತ್ತು.

ಅಂದಿನಿಂದ ಎರಡು ಸಲ ಜಂಕ್ಷನ್ನಿನವರೆಗೆ ಬಂದು ವಾಪಸಾದೆ. ನೀಲಿ ರೈಲು ನಿಂತೇ ಇದೆ. ಯಾವಾಗ ಹೊರಡುತ್ತದೆ ಅಂದರೆ ಅಲ್ಲಿಯವರು ಆಕಾಶ ತೋರಿಸುತ್ತಾರೆ.

ಸರಿಯಾಗಿ ಉಣ್ಣುತ್ತಾರಾ? ಕೆಮ್ಮಿದರೆ ಬಿಸಿನೀರು ಕೊಡು. ಏನೇ ಆಗಬೇಕಾದರೂ ಬರೆದು ಕೈಗೆ ಕೊಡು, ಗದರಬೇಡ. ಇನ್ನೊಂದು ವಿಷಯ. ಅವರು ನನ್ನನ್ನು ಕೇಳಿದರಾ?

ಅಕ್ಕ


ಡಿಸೆಂಬರ್ ೨೬

ಅಕ್ಕಾ,

ಡ್ರಾಯರಿನ ಪತ್ರ ಓದಿದೆ. ಬೆಂಚು, ಬೀಗ ಅಂತ ನಿನ್ನನ್ನು ಆಡಿಕೊಂಡೆನಲ್ಲ ಅಂತ ನಾಚಿಕೆಯಾಗುತ್ತಿದೆ. ಇಪ್ಪತ್ತೆಂಟಕ್ಕೆ ಹಳಿ ತೆರೆಯುತ್ತದಂತೆ. ಮೊದಲ ರೈಲಿಗೇ ಕರೆದುಕೊಂಡು ಬರುತ್ತೇನೆ. ಉಣ್ಣುತ್ತಾರೆ, ಕೆಮ್ಮಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಆಗುತ್ತಿಲ್ಲ. ಹೌದು ಅಂದರೂ ಸುಳ್ಳು, ಇಲ್ಲ ಅಂದರೂ ಸುಳ್ಳು. ನಿನ್ನೆ ಬಿಸಿಲು ಬಂತು. ಅಂಗಳದ ಹಿಂದೆ ಕಣಿವೆ ಕಾಣುವ ಕಡೆ ಕರೆದುಕೊಂಡು ಹೋದೆ. ಮೊಣಕಾಲುದ್ದ ಹಿಮ. ಬಹಳ ಹೊತ್ತು ನಿಂತಿದ್ದರು. ಆಮೇಲೆ "ನನ್ನ ಹೆಂಡ್ತಿಗೆ ಇದನ್ನ ತೋರಿಸ್ಬೇಕು" ಅಂದರು. "ಖಂಡಿತ ತೋರಿಸೋಣ ಭಾವ, ಮನೇಲಿ ಕಾಯ್ತಿದ್ದಾಳೆ" ಅಂದೆ. "ನಿಮಗೆ ಅವಳ ಪರಿಚಯ ಇದ್ಯಾ?" ಅಂತ ಕೇಳಿದರು.

ನಾನು ಇದೆ ಅಂದೆ ಅಕ್ಕಾ.

ತಮ್ಮ


ಜನವರಿ ೧೧

ಗಡಿಬಿಡಿ,

ನೀನು ಅವರನ್ನು ಬಿಟ್ಟು ಹೋಗುವಾಗ ನನ್ನ ಮುಖ ನೋಡದೆ ಹೋದೆ. ನಾನೂ ನೋಡಲಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ. ಯಾರ ಮೇಲೆ ಸಿಟ್ಟು ಮಾಡುವುದೆಂದು ಗೊತ್ತಾದರೆ ತಿಳಿಸುತ್ತೇನೆ.

ಬಂದ ದಿನದಿಂದ ಅವರು ನನ್ನನ್ನು ಗುರುತು ಹಿಡಿದಿಲ್ಲ. ಮೊದಲೆಲ್ಲ ಬೆಳಿಗ್ಗೆ ಹೊತ್ತು ಹಿಡಿಯುತ್ತಿದ್ದರಲ್ಲ, ಅದೂ ನಿಂತಿದೆ. ಹಿಮ ಮಾತ್ರ ಮರೆತಿಲ್ಲ. ಡಾಕ್ಟರನ್ನು ಕೇಳಿದೆ, ಕೆಲವು ಉಳಿಯುತ್ತವೆ, ಯಾವುದು ಉಳಿಯುತ್ತದೆ ಅಂತ ಹೇಳಲಾಗುವುದಿಲ್ಲ ಅಂದರು. ನಾನು ಇಷ್ಟು ವರ್ಷ ಪಕ್ಕದಲ್ಲಿದ್ದವಳು ಹೋದೆ, ಹತ್ತು ಹನ್ನೆರಡು ದಿನ ನೋಡಿದ ಹಿಮ ಉಳಿಯಿತು. ಹೊಟ್ಟೆಕಿಚ್ಚಾಗುತ್ತದೆ ಕಣೋ, ನಗಬೇಡ.

ದಿನಾ ಮಧ್ಯಾಹ್ನ ನಾನು ಹೊಲಿಯಲು ಕೂತಾಗ ಕುರ್ಚಿ ಎಳೆದುಕೊಂಡು ಬರುತ್ತಾರೆ. ಹೆಂಡತಿಯನ್ನು ಕರೆದುಕೊಂಡು ಹೋಗಬೇಕಂತೆ, ಯೋಜನೆ ಹಾಕಬೇಕಂತೆ. "ನಿಮ್ಮನ್ನ ಯಾಕೆ ಕೇಳ್ತೀನಿ ಅಂದ್ರೆ ನೀವೂ ಹೆಂಗಸರು, ಅವಳಿಗೆ ಏನು ಬೇಕಾಗುತ್ತೆ ಅಂತ ನಿಮಗೆ ತಿಳಿಯುತ್ತೆ" ಅನ್ನುತ್ತಾರೆ. ಕಿಟಕಿ ಪಕ್ಕದ ಸೀಟು ಅವಳಿಗೇ ಬೇಕಂತೆ. ಅವಳು ಬಾಯಿಬಿಟ್ಟು ಕೇಳುವುದಿಲ್ಲವಂತೆ, ಆದರೆ ಬಸ್ಸಿನಲ್ಲಿ ಹೋಗುವಾಗ ಇವರ ಭುಜದ ಮೇಲಿಂದ ಹೊರಗೆ ಇಣುಕುತ್ತಾ ಇರುತ್ತಾಳಂತೆ. ಎಲ್ಲಾ ಗೊತ್ತಿತ್ತು ಆ ಮನುಷ್ಯನಿಗೆ. ಒಂದು ದಿನವೂ ಎದ್ದು ಜಾಗ ಬಿಟ್ಟುಕೊಟ್ಟವರಲ್ಲ. ರೇಗೋಣ ಅಂದರೆ ಯಾರ ಮೇಲೆ ರೇಗಲಿ, ಎದುರಿಗೆ ಕೂತವರು ಪರಪುರುಷರ ಹಾಗೆ ನನ್ನಿಂದ ಮೂರು ಮಾರು ದೂರ ಕೂತಿರುತ್ತಾರೆ.

ನಾನೂ ಹೂಂಗುಟ್ಟುತ್ತೇನೆ. ಒಂದೇ ಜಾಗ ಸಾಕು ಅನ್ನುತ್ತೇನೆ, ಅವಳಿಗೆ ಓಡಾಟ ಆಗದು. ಜಂಕ್ಷನ್ನಿನಲ್ಲಿ ಅವಳ ಕೈ ಹಿಡಿದುಕೊಳ್ಳಿ ಅನ್ನುತ್ತೇನೆ. ಅದನ್ನು ಬರೆದುಕೊಂಡರು. ದಾರಿ ಮುಚ್ಚಿದ್ದರೆ ಏನು ಮಾಡಬೇಕು ಅನ್ನುವುದನ್ನೂ ನನ್ನ ಕೈಲೇ ಬರೆಸಿದರು.

ನಿನ್ನೆ ಎಲ್ಲ ಮುಗಿದ ಮೇಲೆ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು, "ಇಷ್ಟೆಲ್ಲ ಮಾಡಿದ್ಮೇಲೆ ಅವಳು ಬರ್ತಾಳೋ ಇಲ್ವೋ" ಅಂದರು. "ಕರೆದ್ರೆ ಯಾಕೆ ಬರಲ್ಲ, ಬರ್ತಾಳೆ" ಅಂದೆ. ಅವರು ಜೇಬಿನ ಕಾಗದವನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡರು. "ನನಗೆ ಕೇಳೋಕೆ ಸಂಕೋಚ. ಯಾವತ್ತೂ ಎಲ್ಲಿಗೂ ಕರ್ಕೊಂಡು ಹೋದವನಲ್ಲ. ನನ್ನ ಪರವಾಗಿ ನೀವೇ ಅವಳನ್ನ ಒಂದ್ಮಾತು ಕೇಳಿ ನೋಡಿ" ಅಂತ ಕೈಮುಗಿದು ಎದ್ದು ಹೋದರು.

ಮೆಷಿನ್ನಿನ ಮುಂದೆ ಹಾಗೇ ಕೂತಿದ್ದೇನೆ. ಯಾರನ್ನು ಕೇಳಲಿ, ಹೇಳು.

ಅಕ್ಕ